ಬಸವರಾಜ ಬೊಮ್ಮಾಯಿ

ಬಸವರಾಜ ಸೋಮಪ್ಪ ಬೊಮ್ಮಾಯಿ (ಜನನ: 28 ಜನವರಿ 1960, ಹುಬ್ಬಳ್ಳಿ) ಅವರು ಕರ್ನಾಟಕದ ರಾಜಕಾರಣಿ. 2021ರ ಜುಲೈ 28ರಿಂದ 2023ರ ಮೇ ತಿಂಗಳವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. 2024ರಿಂದ ಹಾವೇರಿ ಲೋಕಸಭಾ ಕ್ಷೇತ್ರದ ಸದಸ್ಯರು. ತಂದೆ ಎಸ್. ಆರ್. ಬೊಮ್ಮಾಯಿ 1988–89ರಲ್ಲಿ ಮುಖ್ಯಮಂತ್ರಿಯಾಗಿದ್ದವರು. ರಾಷ್ಟ್ರಪತಿ ಆಳ್ವಿಕೆಯ ಮಿತಿಗಳನ್ನು ನಿರ್ಣಯಿಸಿದ ಸರ್ವೋಚ್ಚ ನ್ಯಾಯಾಲಯದ 1994ರ ತೀರ್ಪು ಅವರ ಹೆಸರಿನಲ್ಲೇ ಪ್ರಸಿದ್ಧವಾಗಿದೆ.

ಸ್ಥಳೀಯ ಸಂಸ್ಥೆಗಳಿಂದ ವಿಧಾನಸಭೆಗೆ

ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದ ಬೊಮ್ಮಾಯಿ ಜನತಾ ಪರಿವಾರದ ಮೂಲಕ ರಾಜಕೀಯಕ್ಕೆ ಬಂದರು. 1998 ಮತ್ತು 2004ರಲ್ಲಿ ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಆಯ್ಕೆಯಾದರು. ಈ ಕ್ಷೇತ್ರದಲ್ಲಿ ಸಾಮಾನ್ಯ ಮತದಾರರು ಮತ ಹಾಕುವುದಿಲ್ಲ. ಪಂಚಾಯಿತಿ, ಪುರಸಭೆ, ನಗರಸಭೆಗಳ ಸದಸ್ಯರೇ ಮತದಾರರು. ಹೀಗಾಗಿ ಅವರ ಮೊದಲ ಹತ್ತು ವರ್ಷಗಳ ರಾಜಕಾರಣ ಈ ಸದಸ್ಯರ ಒಡನಾಟದಲ್ಲೇ ಬೆಳೆಯಿತು. ಇದೇ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, 2021ರಲ್ಲಿ ಅವಧಿ ಮುಗಿದಿದ್ದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಹಿಂಪಡೆದು ಪ್ರತ್ಯೇಕ ಆಯೋಗಕ್ಕೆ ಕೊಡುವ ತಿದ್ದುಪಡಿ ಬಂದದ್ದೂ ಆಗಲೇ. ನಂತರ ಬಂದ ಸರ್ಕಾರವೂ ಆ ಚುನಾವಣೆಗಳನ್ನು ಕೂಡಲೇ ನಡೆಸಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು.

2008ರಲ್ಲಿ ಭಾರತೀಯ ಜನತಾ ಪಕ್ಷ ಸೇರಿದ ಅವರು ಶಿಗ್ಗಾಂವಿ ಕ್ಷೇತ್ರದಿಂದ 2008, 2013, 2018 ಮತ್ತು 2023ರಲ್ಲಿ ಸತತವಾಗಿ ಗೆದ್ದರು. ಶಿಗ್ಗಾಂವಿ ಮತ್ತು ಸವಣೂರು ತಾಲ್ಲೂಕುಗಳು ಈ ಕ್ಷೇತ್ರಕ್ಕೆ ಸೇರುತ್ತವೆ. 2023ರಲ್ಲಿ ಗೆಲುವಿನ ಅಂತರ 35,978 ಮತಗಳು. ಅದಕ್ಕೂ ಮೊದಲು, ಸಿ. ಎಂ. ಉದಾಸಿಯವರ ನಿಧನದಿಂದ ತೆರವಾದ ಪಕ್ಕದ ಹಾನಗಲ್ಲ ಕ್ಷೇತ್ರದ 2021ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆ 7,373 ಮತಗಳಿಂದ ಗೆದ್ದದ್ದು ಹೊಸ ಮುಖ್ಯಮಂತ್ರಿಗೆ ತವರು ಜಿಲ್ಲೆಯಲ್ಲೇ ಆದ ಹಿನ್ನಡೆಯೆನಿಸಿತು.

ಮಕ್ಕಳ ಮೇಲಿನ ದೌರ್ಜನ್ಯ ಮತ್ತು ತನಿಖೆಯ ಪ್ರಶ್ನೆ

2019ರ ಆಗಸ್ಟ್‌ನಿಂದ ಎರಡು ವರ್ಷ ಗೃಹ ಸಚಿವರಾಗಿದ್ದ ಬೊಮ್ಮಾಯಿಯವರಿಗೆ ಪೊಲೀಸ್ ಆಡಳಿತದ ಒಳಹೊರಗು ಪರಿಚಿತವಾಗಿತ್ತು. ಮುಖ್ಯಮಂತ್ರಿಯಾಗಿದ್ದಾಗ ಆ ಅನುಭವ ಕಠಿಣ ಪರೀಕ್ಷೆಗೆ ಒಳಗಾಯಿತು. 2022ರ ಆಗಸ್ಟ್ 26ರಂದು ಚಿತ್ರದುರ್ಗದ ಮುರುಘಾಮಠದ ಅಂದಿನ ಪೀಠಾಧ್ಯಕ್ಷರ ವಿರುದ್ಧ, ಮಠದ ವಿದ್ಯಾರ್ಥಿನಿಲಯದಲ್ಲಿದ್ದ ಬಾಲಕಿಯರ ದೂರಿನ ಮೇಲೆ ಮೈಸೂರಿನಲ್ಲಿ ಪೋಕ್ಸೊ ಪ್ರಕರಣ ದಾಖಲಾಗಿ ಚಿತ್ರದುರ್ಗಕ್ಕೆ ವರ್ಗವಾಯಿತು. ಬಂಧನವಾದದ್ದು ಸೆಪ್ಟೆಂಬರ್ 1ರ ರಾತ್ರಿ. ನಡುವಿನ ದಿನಗಳ ವಿಳಂಬ ತೀವ್ರ ಟೀಕೆಗೆ ಗುರಿಯಾಯಿತು. ಪೊಲೀಸರಿಗೆ ಪೂರ್ಣ ಸ್ವಾತಂತ್ರ್ಯವಿದೆ ಎಂಬುದು ಮುಖ್ಯಮಂತ್ರಿಯ ಉತ್ತರವಾಗಿತ್ತು. ಮೊದಲ ಪ್ರಕರಣದಲ್ಲಿ 2025ರ ನವೆಂಬರ್‌ನಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಯನ್ನು ಖುಲಾಸೆಗೊಳಿಸಿತು.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯು ಹದಿನೆಂಟು ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದು ಪರಿಗಣಿಸುತ್ತದೆ. ಅಪರಾಧ ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಶಿಕ್ಷಾರ್ಹ. ಆದುದರಿಂದ ಶಾಲೆಯೊಂದು ‘ಒಳಗಿನ ವಿಚಾರಣೆ’ ನಡೆಸಿ ಸುಮ್ಮನಾಗುವಂತಿಲ್ಲ. ಮಗುವಿನ ಗುರುತನ್ನು ಬಹಿರಂಗಪಡಿಸುವುದಕ್ಕೂ ನಿಷೇಧವಿದೆ.

ಅಧಿಕಾರ ಹೋದ ಮೇಲೆ ಪ್ರಶ್ನೆ ಕೇಳುವ ಸ್ಥಾನ ಬೊಮ್ಮಾಯಿಯವರದಾಯಿತು. 2024ರ ಜನವರಿಯಲ್ಲಿ ಹಾನಗಲ್ಲ ಬಳಿಯ ವಸತಿಗೃಹವೊಂದಕ್ಕೆ ನುಗ್ಗಿದ ಗುಂಪು ಮಹಿಳೆಯೊಬ್ಬರ ಮೇಲೆ ಹಲ್ಲೆ ನಡೆಸಿತು. ನ್ಯಾಯಾಧೀಶರ ಮುಂದೆ ಮಹಿಳೆ ನೀಡಿದ ಹೇಳಿಕೆಯ ಬಳಿಕ ಸಾಮೂಹಿಕ ಅತ್ಯಾಚಾರದ ಆರೋಪವೂ ಸೇರಿತು. ಸ್ಥಳೀಯ ಪೊಲೀಸರ ತನಿಖೆಯಲ್ಲಿ ವಿಶ್ವಾಸವಿಲ್ಲವೆಂದ ಬೊಮ್ಮಾಯಿ ವಿಶೇಷ ತನಿಖಾ ದಳ ರಚಿಸುವಂತೆ ಆಗ್ರಹಿಸಿದರು. ಸರ್ಕಾರ ಅದಕ್ಕೆ ಒಪ್ಪಲಿಲ್ಲ. 2025ರ ಮೇ ತಿಂಗಳಲ್ಲಿ ಜಾಮೀನಿನ ಮೇಲೆ ಹೊರಬಂದ ಆರೋಪಿಗಳು ಅಕ್ಕಿಆಲೂರಿನಲ್ಲಿ ವಾಹನಗಳ ಮೆರವಣಿಗೆ ನಡೆಸಿದ ದೃಶ್ಯಗಳು ಹರಡಿದಾಗ ಪೊಲೀಸರು ಹೊಸ ಪ್ರಕರಣ ದಾಖಲಿಸಿದರು. ದೂರು ಕೊಟ್ಟ ಹೆಣ್ಣುಮಗಳ ಪಾಲಿಗೆ ಆ ಮೆರವಣಿಗೆಯ ಅರ್ಥವೇನು ಎಂಬುದನ್ನು ವಿವರಿಸಬೇಕಾಗಿಲ್ಲ.

ಮನೆಗಳು

ವರದಾ, ಧರ್ಮಾ ಮತ್ತು ಕುಮುದ್ವತಿ ಹರಿಯುವ ಹಾನಗಲ್ಲ, ಸವಣೂರು, ಹಿರೇಕೆರೂರು ಭಾಗದಲ್ಲಿ ಮಣ್ಣಿನ ಗೋಡೆಯ ಹಳೆಯ ಮನೆಗಳು ಇಂದಿಗೂ ಇವೆ. ಮುಂಗಾರು ಹಿಡಿದು ಹೊಯ್ದರೆ ಗೋಡೆ ನೆನೆದು ಕುಸಿಯುತ್ತದೆ. 2024ರ ಜುಲೈನಲ್ಲಿ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಹೀಗೆ ಮನೆ ಕುಸಿದು ಅವಳಿ ಹಸುಳೆಗಳೂ ಸೇರಿ ಒಂದೇ ಕುಟುಂಬದ ಮೂವರು ಮೃತಪಟ್ಟರು.

ಕೇಂದ್ರದ ವಿಪತ್ತು ನಿಧಿಯ ಅಂದಿನ ನಿಯಮದಂತೆ ಪೂರ್ಣ ಹಾನಿಗೊಂಡ ಮನೆಗೆ ಸಿಗುತ್ತಿದ್ದುದು 95,100 ರೂಪಾಯಿ. ಬೊಮ್ಮಾಯಿ ಸರ್ಕಾರ ರಾಜ್ಯದ ಪಾಲು ಸೇರಿಸಿ ಪೂರ್ಣ ಹಾನಿಗೆ 5 ಲಕ್ಷ, ಭಾಗಶಃ ತೀವ್ರ ಹಾನಿಗೆ 3 ಲಕ್ಷ, ಅಲ್ಪ ಹಾನಿಗೆ 50 ಸಾವಿರ ರೂಪಾಯಿ ನೀಡಿತು. ಮೊತ್ತ ದೊಡ್ಡದು, ಆದರೆ ಯಾವ ಮನೆ ಯಾವ ವರ್ಗಕ್ಕೆ ಸೇರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಮುಂದಿನ ಸರ್ಕಾರ 1.20 ಲಕ್ಷ ರೂಪಾಯಿಯ ಜೊತೆಗೆ ವಸತಿ ಯೋಜನೆಯಡಿ ಮನೆ ಎಂಬ ಬೇರೆ ಕ್ರಮ ಅನುಸರಿಸಿತು.

2024ರ ಅಕ್ಟೋಬರ್‌ನಲ್ಲಿ ಮನೆಯ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂತು. ವಕ್ಫ್ ಆಸ್ತಿಯೆಂದು ಮನೆಗಳನ್ನು ತೆರವುಗೊಳಿಸುತ್ತಾರೆಂಬ ವದಂತಿಯಿಂದ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ಸ್ಥಳೀಯ ಮುಸ್ಲಿಂ ಮುಖಂಡರ ಮನೆಗಳ ಮೇಲೆ ಕಲ್ಲು ತೂರಾಟ ನಡೆಯಿತು. ಮನೆ ಕಳೆದುಕೊಳ್ಳುವ ಭಯ ಬೇರೊಬ್ಬರ ಮನೆಯ ಮೇಲೆ ತಿರುಗಿತು. ರಾಜ್ಯದಾದ್ಯಂತ ರೈತರಿಗೆ ನೀಡಿದ್ದ ನೋಟಿಸುಗಳನ್ನು ಹಿಂಪಡೆಯುವಂತೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸೂಚಿಸಿದರು.

ಲೋಕಸಭೆಗೆ

2024ರಲ್ಲಿ ಬೊಮ್ಮಾಯಿ ಹಾವೇರಿಯಿಂದ 43,513 ಮತಗಳ ಅಂತರದಲ್ಲಿ ಲೋಕಸಭೆಗೆ ಆಯ್ಕೆಯಾದರು. ಹಾನಗಲ್ಲ ಮತ್ತು ಹಿರೇಕೆರೂರು ಈ ಕ್ಷೇತ್ರದಲ್ಲಿವೆ. ಶಿಗ್ಗಾಂವಿ–ಸವಣೂರು ಹಾವೇರಿ ಜಿಲ್ಲೆಯಲ್ಲಿದ್ದರೂ ಧಾರವಾಡ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ; ವಿದ್ಯಾರ್ಥಿಗಳು ಇಲ್ಲಿ ತಪ್ಪುವುದುಂಟು. ಅವರಿಂದ ತೆರವಾದ ಶಿಗ್ಗಾಂವಿಗೆ 2024ರ ನವೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್, ಬೊಮ್ಮಾಯಿಯವರ ಪುತ್ರ ಭರತ್ ಅವರನ್ನು 13,448 ಮತಗಳಿಂದ ಸೋಲಿಸಿದರು.