ಉದ್ಯಮ ಮೇಳ, ಖರೀದಿದಾರರ ಸಭೆಗೆ ಹೋಗ್ತಿದ್ದೀರಾ? ನಮ್ಮ ತಾಲ್ಲೂಕಿನ ಉದ್ಯಮಿಗಳು ತಿಳಿದಿರಬೇಕಾದ ಸಂಗತಿಗಳು

ದನಗಳ ಜಾತ್ರೆಯಲ್ಲಿ ಟವೆಲ್ ಅಡಿ ಬೆರಳು ಹಿಡಿದು ರೇಟು ಕುದುರಿಸೋದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಆದರೆ ಜಿಲ್ಲಾ ಕೈಗಾರಿಕಾ ಕೇಂದ್ರದ ಕಾರ್ಯಾಗಾರ, ಕೃಷಿ ಮೇಳ, ಬೆಂಗಳೂರಿನ ಸಾವಯವ ಮತ್ತು ಸಿರಿಧಾನ್ಯ ವಾಣಿಜ್ಯ ಮೇಳಕ್ಕೆ ಹೋದಾಗ ಅದೇ ಜನ ಒಂದು ಸುತ್ತು ನೋಡಿ, ಊಟ ಮುಗಿಸಿ, ಕೊಟ್ಟ ಬ್ಯಾಗ್ ಹಿಡ್ಕೊಂಡು ವಾಪಸ್ ಬರೋದೇ ಹೆಚ್ಚು.

'ಒಂದು ಜಿಲ್ಲೆ ಒಂದು ಉತ್ಪನ್ನ' ಯೋಜನೆಯಲ್ಲಿ ಮಂಡ್ಯಕ್ಕೆ ಸಿಕ್ಕಿರುವುದು ಬೆಲ್ಲ. ಹಾಗಿದ್ದರೂ ಆಲೆಮನೆಯವರಲ್ಲಿ ಅನೇಕರಿಗೆ ಮಂಡಿ ಬಿಟ್ಟರೆ ಬೇರೆ ಗಿರಾಕಿ ಇಲ್ಲ. ಮಂಡಿಯಲ್ಲಿ ರೇಟು ಬಿದ್ದ ದಿನ ಕೊಡೋಕೆ ಎರಡನೇ ಗಿರಾಕಿ ಇರಬೇಕು ಅಂದರೆ ಇಂಥ ಸಭೆಗಳು ಬೇಕು. ಮೇಲುಕೋಟೆಯ ಪುಳಿಯೋಗರೆ ಗೊಜ್ಜು, ನಾಗಮಂಗಲದ ತೆಂಗಿನ ಉತ್ಪನ್ನ, ಶ್ರೀರಂಗಪಟ್ಟಣದ ಹೋಂಸ್ಟೇ ನಡೆಸುವವರಿಗೂ ಇದೇ ಮಾತು ಅನ್ವಯ.

ಹೋಗುವ ಮುನ್ನ

• ಉದ್ಯಮ್ ನೋಂದಣಿ ಮಾಡಿಸಿ. ಸರ್ಕಾರದ ಪೋರ್ಟಲ್‌ನಲ್ಲಿ ಇದು ಪೂರ್ತಿ ಉಚಿತ. ಆಹಾರ ಪದಾರ್ಥ ಆದರೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು.
• ಸ್ಯಾಂಪಲ್ ತಗೊಂಡು ಹೋಗಿ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಪುಡಿ ಬೆಲ್ಲ ಬೇರೆ ಬೇರೆ ಪೊಟ್ಟಣದಲ್ಲಿರಲಿ. ಪ್ರತಿಯೊಂದರ ಮೇಲೂ ಹೆಸರು, ಊರು, ಮೊಬೈಲ್ ನಂಬರ್, ತಯಾರಾದ ದಿನಾಂಕ ಬರೆದಿರಬೇಕು.
• ಲ್ಯಾಬ್ ವರದಿ ಇದ್ದರೆ ಮಾತಿಗೆ ತೂಕ ಬರುತ್ತೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಆಹಾರ ಪರೀಕ್ಷೆ ಸೌಲಭ್ಯವಿದೆ. ಮಂಡಿಯಲ್ಲಿ ಬೆಳ್ಳಗಿರುವ ಬೆಲ್ಲಕ್ಕೆ ಬೇಡಿಕೆ ಇರಬಹುದು, ಆದರೆ ಸಾವಯವ ಅಂಗಡಿಯವರು ಹುಡುಕೋದು ಹೈಡ್ರೋಸ್ ಹಾಕದ ಕಂದು ಬೆಲ್ಲವನ್ನೇ.
• ಯಾರ್ಯಾರು ಬರ್ತಾರೆ ಅಂತ ಆಯೋಜಕರನ್ನು ಮೊದಲೇ ಕೇಳಿ. ಮಾತಾಡಲೇಬೇಕಾದ ಮೂರ್ನಾಲ್ಕು ಜನರನ್ನು ಗುರುತು ಹಾಕಿಕೊಳ್ಳಿ.

ಅಲ್ಲಿ ಏನು ಮಾತಾಡಬೇಕು?

ಊರು, ಏನು ಮಾಡ್ತೀರಿ, ತಿಂಗಳಿಗೆ ಎಷ್ಟು ಕೊಡಬಲ್ಲಿರಿ, ಎಷ್ಟು ರೇಟು: ಈ ನಾಲ್ಕು ಮಾತು ಅರ್ಧ ನಿಮಿಷದಲ್ಲಿ ಮುಗೀಬೇಕು. ಕನ್ನಡದಲ್ಲೇ ಹೇಳಿ, ಸಂಕೋಚ ಬೇಡ. ಬೆಲ್ಲ ಕೊಳ್ಳುವವರಿಗೆ ಬೇಕಿರೋದು ಬೆಲ್ಲ, ಇಂಗ್ಲಿಷ್ ಅಲ್ಲ.

ಪ್ರಮಾಣ ಹೇಳುವಾಗ ಮಾತ್ರ ಲೆಕ್ಕ ಹಾಕಿ ಹೇಳಿ. ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲ ಸಿಗುತ್ತೆ. ತಿಂಗಳಿಗೆ 5 ಟನ್ ಬೆಲ್ಲ ಒಪ್ಪಿಕೊಂಡರೆ 50 ಟನ್ ಕಬ್ಬು ಬೇಕು. ನಾಲೆ ನೀರು ನಿಂತಾಗ, ಆಳು ಸಿಗದಾಗ ಅಷ್ಟು ಕಬ್ಬು ಅರೆಯೋಕೆ ಆಗುತ್ತಾ? ಆಗದಿದ್ದರೆ 1 ಟನ್ ಒಪ್ಪಿಕೊಂಡು ತಪ್ಪದೆ ಕಳಿಸೋದೇ ಮೇಲು. ಇಲ್ಲವೇ ಅಕ್ಕಪಕ್ಕದ ಆಲೆಮನೆಯವರು ಅಥವಾ ರೈತ ಉತ್ಪಾದಕ ಕಂಪನಿಯ ಜೊತೆ ಸೇರಿ ಒಪ್ಪಿಕೊಳ್ಳಿ.

ಅಧಿಕಾರಿಗಳು, ಬ್ಯಾಂಕಿನವರು ಸಿಕ್ಕರೆ ಬಿಡಬೇಡಿ. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕಿರು ಆಹಾರ ಸಂಸ್ಕರಣಾ ಘಟಕಕ್ಕೆ ಕೇಂದ್ರದ ನಿಯಮದಂತೆ ಶೇ 35, ಗರಿಷ್ಠ 10 ಲಕ್ಷ ರೂ. ಸಾಲ ಆಧಾರಿತ ಸಹಾಯಧನ ನಿಗದಿಯಾಗಿತ್ತು. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಅದನ್ನು ಶೇ 50ಕ್ಕೆ, ಗರಿಷ್ಠ 15 ಲಕ್ಷ ರೂ.ಗೆ ಏರಿಸಿತು. ರಾಜ್ಯದಲ್ಲಿ ಇದರ ಹೊಣೆ ಕೆಪೆಕ್ ಸಂಸ್ಥೆಯದ್ದು. ಈಗಿನ ನಿಯಮ ಏನು, ಅರ್ಜಿ ತಗೋತಿದ್ದಾರಾ ಅಂತ ಅಲ್ಲೇ ಕೇಳಿಕೊಳ್ಳಿ.

ವಾಪಸ್ ಬಂದ ಮೇಲೆ

ಆರ್ಡರ್ ಕುದುರೋದು ಬಹುತೇಕ ಇಲ್ಲೇ. ಪಡೆದ ಕಾರ್ಡಿನ ಹಿಂದೆ ಏನು ಮಾತಾಯ್ತು ಅಂತ ಅವತ್ತೇ ಬರೆದಿಡಿ. ಎರಡು ದಿನದೊಳಗೆ ವಾಟ್ಸ್ಆ್ಯಪ್‌ನಲ್ಲಿ ರೇಟು, ಫೋಟೊ ಕಳಿಸಿ. ವಾರದ ನಂತರ ಒಂದು ಸಲ ಫೋನ್ ಮಾಡಿ. ಸ್ಯಾಂಪಲ್ ಕಳಿಸ್ತೀನಿ ಅಂದಿದ್ದರೆ ಕಳಿಸಲೇಬೇಕು. ಮೊದಲ ಲೋಡು ಸ್ಯಾಂಪಲ್‌ನಷ್ಟೇ ಚೆನ್ನಾಗಿರಬೇಕು.

ಸಾಲದ ವ್ಯಾಪಾರ: ಹುಷಾರ್

ಬಾಯಿ ಮಾತಿಗೆ ಲೋಡು ಕಳಿಸಬೇಡಿ. ಪ್ರಮಾಣ, ರೇಟು, ಸಾಗಣೆ ಖರ್ಚು ಯಾರದ್ದು, ಹಣ ಯಾವಾಗ ಅನ್ನೋದು ಬರಹದಲ್ಲಿರಲಿ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮದಿಂದ ಮಾಲು ಕೊಂಡವರು ಒಪ್ಪಂದದ ಅವಧಿಯೊಳಗೆ ಹಣ ಕೊಡಬೇಕು, ಆ ಅವಧಿ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ದೂರಿಗೆ ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಈ ರಕ್ಷಣೆ ಬೇಕಾದರೆ ಮಾಲು ಕಳಿಸುವ ಮೊದಲೇ ಉದ್ಯಮ್ ನೋಂದಣಿ ಆಗಿರಲಿ.

'ರಫ್ತು ಆರ್ಡರ್ ಕೊಡಿಸ್ತೀವಿ, ಮೊದಲು ನೋಂದಣಿ ಫೀಸು ಕಟ್ಟಿ' ಅನ್ನುವವರಿಂದ ದೂರ ಇರಿ. ಮಾಲು ಕೊಳ್ಳೋರು ನಿಮಗೆ ಹಣ ಕೊಡಬೇಕೇ ಹೊರತು ನೀವು ಅವರಿಗೆ ಕೊಡೋದಲ್ಲ.

ಮುಂದಿನ ಕಾರ್ಯಾಗಾರ, ಮೇಳಗಳ ದಿನಾಂಕಕ್ಕೆ ಮಂಡ್ಯದ ಜಿಲ್ಲಾ ಕೈಗಾರಿಕಾ ಕೇಂದ್ರ ಇಲ್ಲವೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.