ಬಾಯ್ಸ್ ಟ್ಯಾಂಕ್ ನಿರೋಧಕ ರೈಫಲ್

ತೂಕ ಸುಮಾರು 16 ಕಿಲೋ, ಉದ್ದ ಐದಡಿಗೂ ಮಿಗಿಲು. ಸಾಮಾನ್ಯವಾಗಿ ನೆಲಕ್ಕೆ ಆನಿಸಿ, ಮಲಗಿಕೊಂಡು ಹಾರಿಸುತ್ತಿದ್ದರು.

ಇಂಗ್ಲೆಂಡಿನ ಎನ್‌ಫೀಲ್ಡ್ ಶಸ್ತ್ರ ಕಾರ್ಖಾನೆಯಲ್ಲಿ ಇದನ್ನು ರೂಪಿಸಿದ ಕ್ಯಾಪ್ಟನ್ ಬಾಯ್ಸ್, ಬ್ರಿಟಿಷ್ ಸೇನೆ ಒಪ್ಪಿಗೆ ಕೊಡುವ ಕೆಲವೇ ದಿನ ಮುಂಚೆ, 1937ರ ನವೆಂಬರಿನಲ್ಲಿ ತೀರಿಕೊಂಡರು. ಬಂದೂಕಿಗೆ ಅವರ ಹೆಸರನ್ನೇ ಇಟ್ಟರು.

ಮೇಲಿನಿಂದ ಸಿಕ್ಕಿಸುವ ಮ್ಯಾಗಜಿನ್‌ನಲ್ಲಿ 5 ಗುಂಡು. ಅದು ಕಣ್ಣಿಗೆ ಅಡ್ಡ ಬರುವುದರಿಂದ ಗುರಿ ನೋಡುವ ಸಾಧನ ಎಡಕ್ಕೆ ಸರಿದಿದೆ. ಪ್ರತಿ ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕು. ಗುಂಡು ಸಿಡಿದಾಗ ನಳಿಕೆಯ ಮೂತಿಯ ರಂಧ್ರಗಳು ಅನಿಲವನ್ನು ಪಕ್ಕಕ್ಕೆ ಹೊರಳಿಸುತ್ತವೆ. ನಳಿಕೆ, ಬೋಲ್ಟ್ ಎರಡೂ ಒಟ್ಟಿಗೆ ಚೌಕಟ್ಟಿನ ಮೇಲೆ ಹಿಂದಕ್ಕೆ ಜಾರಿ ಸ್ಪ್ರಿಂಗನ್ನು ಅದುಮುತ್ತವೆ. ಹೆಗಲಿಗೆ ತಾಗುವಲ್ಲಿ ರಬ್ಬರ್ ಮೆತ್ತೆ. ಇಷ್ಟೆಲ್ಲ ಇದ್ದರೂ ಹೊಡೆತ ಎಂಥದ್ದೆಂದರೆ, ಹೆಗಲು ಕಂದುಗಟ್ಟುವುದು, ಕುತ್ತಿಗೆ ಉಳುಕುವುದು ಸಿಪಾಯಿಗಳಿಗೆ ಮಾಮೂಲು.

ಪುಣೆಯ ಖಡ್ಕಿ ಮದ್ದುಗುಂಡು ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ .303 ಅಂಗುಲದ ಕಾಡತೂಸಿನ ಪಕ್ಕದಲ್ಲಿಟ್ಟರೆ ಇದರ ಗುಂಡಿನ ಗಾತ್ರ ತಿಳಿದೀತು: ಬಾಯ್ಸ್ ಗುಂಡಿನ ಅಳತೆ .55 ಅಂಗುಲ. ಅದು 100 ಗಜದಿಂದ ಸುಮಾರು 23 ಮಿ.ಮೀ. ಉಕ್ಕನ್ನು ತೂರುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಆಫ್ರಿಕಾದಲ್ಲಿ ಭಾರತೀಯ ಪಡೆಗಳು ಎದುರಿಸಿದ ಇಟಲಿಯ ಹಗುರ ಟ್ಯಾಂಕುಗಳಿಗೆ ಅಷ್ಟು ಸಾಕು. ದಪ್ಪ ಕವಚದ ಜರ್ಮನ್ ಟ್ಯಾಂಕುಗಳ ಮುಂದೆ ಆಟ ನಡೆಯಲಿಲ್ಲ. 1943ರಿಂದ ಇದರ ಜಾಗಕ್ಕೆ ಪಿಯಾಟ್ ಎಂಬ ಟ್ಯಾಂಕ್ ನಿರೋಧಕ ಆಯುಧ ಬಂತು.