ಮಿರರ್‌ಲೆಸ್ ಮತ್ತು ಡಿಎಸ್‌ಎಲ್‌ಆರ್ ಕ್ಯಾಮೆರಾಗಳು

ಲೆನ್ಸ್ ಬದಲಾಯಿಸಬಹುದಾದ ಡಿಜಿಟಲ್ ಕ್ಯಾಮೆರಾಗಳಲ್ಲಿ ಇವು ಎರಡು ಮುಖ್ಯ ಬಗೆಗಳು. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಮೂಲಕ ಬಂದ ಬೆಳಕನ್ನು ಕನ್ನಡಿಯೊಂದು ಮೇಲಕ್ಕೆ ತಿರುಗಿಸಿ ಕಣ್ಣಿಗೆ ಮುಟ್ಟಿಸುತ್ತದೆ. ಮಿರರ್‌ಲೆಸ್‌ನಲ್ಲಿ ಈ ಕನ್ನಡಿಯಿಲ್ಲ. ಬೆಳಕು ನೇರವಾಗಿ ಸೆನ್ಸರ್ ಮೇಲೆ ಬೀಳುತ್ತದೆ. ಎರಡರಲ್ಲೂ ಒಂದೇ ಜಾತಿಯ ಸೆನ್ಸರ್ ಇರುವುದರಿಂದ ಚಿತ್ರದ ಗುಣಮಟ್ಟ ನೋಡಿ ಇವನ್ನು ಬೇರ್ಪಡಿಸುವುದು ಕಷ್ಟ. ದೃಶ್ಯ ಕಾಣುವ ಬಗೆ, ಫೋಕಸ್, ಬ್ಯಾಟರಿ ಮತ್ತು ಲೆನ್ಸ್ ವ್ಯವಸ್ಥೆ ಇವುಗಳ ಮೇಲೆ ಆಯ್ಕೆ ನಿಂತಿದೆ.

ರಚನೆ

ಡಿಎಸ್‌ಎಲ್‌ಆರ್‌ನ ಕನ್ನಡಿ ಸೆನ್ಸರ್‌ನ ಮುಂದೆ 45 ಡಿಗ್ರಿ ಓರೆಯಾಗಿರುತ್ತದೆ. ಅದರಿಂದ ಪ್ರತಿಫಲಿಸಿದ ಬಿಂಬ ಮೇಲಿರುವ ಪಟ್ಟಕದಲ್ಲಿ ನೆಟ್ಟಗಾಗಿ ವ್ಯೂಫೈಂಡರ್‌ನಲ್ಲಿ ಕಾಣುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಶಟರ್ ತೆರೆಯುತ್ತದೆ. ಅಷ್ಟು ಹೊತ್ತು ವ್ಯೂಫೈಂಡರ್ ಕತ್ತಲಾಗಿರುತ್ತದೆ.

ಕನ್ನಡಿ ಏಳಲು ಜಾಗ ಬೇಕು. ಹೀಗಾಗಿ ಲೆನ್ಸ್ ಕೂರುವ ಮೌಂಟ್‌ನಿಂದ ಸೆನ್ಸರ್‌ವರೆಗಿನ ದೂರ ನಿಕಾನ್ ಎಫ್ ವ್ಯವಸ್ಥೆಯಲ್ಲಿ 46.5 ಮಿ.ಮೀ., ಕ್ಯಾನನ್ ಇಎಫ್‌ನಲ್ಲಿ 44 ಮಿ.ಮೀ. ಇದೆ. ಮಿರರ್‌ಲೆಸ್ ಮೌಂಟ್‌ಗಳಲ್ಲಿ ಅದು ನಿಕಾನ್ ಝಡ್‌ಗೆ 16, ಸೋನಿ ಇಗೆ 18, ಕ್ಯಾನನ್ ಆರ್‌ಎಫ್‌ಗೆ 20 ಮಿ.ಮೀ. ಮಾತ್ರ. ಇದರಿಂದ ಕ್ಯಾಮೆರಾ ತೆಳ್ಳಗಾಯಿತು. ವಿಶಾಲಕೋನ ಲೆನ್ಸ್‌ಗಳನ್ನು ರೂಪಿಸುವವರಿಗೆ ಹೆಚ್ಚು ಸ್ವಾತಂತ್ರ್ಯ ಸಿಕ್ಕಿತು.

ಇತಿಹಾಸ

ಫಿಲ್ಮ್ ಎಸ್‌ಎಲ್‌ಆರ್‌ಗಳನ್ನು ವೃತ್ತಿಪರರ ಮುಖ್ಯ ಸಾಧನವಾಗಿಸಿದ್ದರಲ್ಲಿ 1959ರ ನಿಕಾನ್ ಎಫ್‌ನ ಪಾತ್ರ ದೊಡ್ಡದು. 1991ರಲ್ಲಿ ಕೊಡ್ಯಾಕ್ ಕಂಪನಿ ನಿಕಾನ್ ಎಫ್3 ಕ್ಯಾಮೆರಾಕ್ಕೆ ಡಿಜಿಟಲ್ ಸೆನ್ಸರ್ ಜೋಡಿಸಿ ಡಿಸಿಎಸ್ ಹೆಸರಿನಲ್ಲಿ ಮಾರಿತು. 1999ರ ನಿಕಾನ್ ಡಿ1 ಪತ್ರಿಕಾ ಛಾಯಾಗ್ರಾಹಕರನ್ನು ಡಿಜಿಟಲ್‌ನತ್ತ ಸೆಳೆಯಿತು. 2003ರ ಕ್ಯಾನನ್ ಇಒಎಸ್ 300ಡಿ ಹವ್ಯಾಸಿಗಳಿಗೂ ಡಿಎಸ್‌ಎಲ್‌ಆರ್ ಎಟಕುವಂತೆ ಮಾಡಿತು.

ಒಲಿಂಪಸ್ ಮತ್ತು ಪ್ಯಾನಸಾನಿಕ್ 2008ರಲ್ಲಿ ಪ್ರಕಟಿಸಿದ ಮೈಕ್ರೋ ಫೋರ್ ಥರ್ಡ್ಸ್ ಎಂಬ ಮಿರರ್‌ಲೆಸ್ ವ್ಯವಸ್ಥೆಯ ಮೊದಲ ಕ್ಯಾಮೆರಾ ಪ್ಯಾನಸಾನಿಕ್ ಜಿ1. ಸೋನಿ 2013ರಲ್ಲಿ ಆಲ್ಫಾ 7 ಮೂಲಕ ಫುಲ್ ಫ್ರೇಮ್ ಸೆನ್ಸರನ್ನು ಈ ಬಗೆಗೆ ತಂದಿತು. ನಿಕಾನ್ ಮತ್ತು ಕ್ಯಾನನ್ 2018ರಲ್ಲಿ ತಮ್ಮ ಫುಲ್ ಫ್ರೇಮ್ ಮಿರರ್‌ಲೆಸ್‌ಗಳನ್ನು ಹೊರತಂದವು. ಇವೆರಡೂ ತಮ್ಮ ಉನ್ನತ ದರ್ಜೆಯ ಕೊನೆಯ ಡಿಎಸ್‌ಎಲ್‌ಆರ್‌ಗಳನ್ನು 2020ರಲ್ಲಿ ಬಿಡುಗಡೆ ಮಾಡಿದವು.

ನೋಟ ಮತ್ತು ಫೋಕಸ್

ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ನಲ್ಲಿ ಕಾಣುವುದು ನಿಜವಾದ ಬೆಳಕು. ಅದಕ್ಕೆ ವಿದ್ಯುತ್ ಬೇಡ, ತಡವೂ ಇಲ್ಲ. ಮಿರರ್‌ಲೆಸ್‌ನಲ್ಲಿ ಕಾಣುವುದು ಪುಟ್ಟ ಪರದೆಯ ಮೇಲಿನ ಚಿತ್ರ. ಎಕ್ಸ್‌ಪೋಷರ್ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬುದು ತೆಗೆಯುವ ಮೊದಲೇ ಅಲ್ಲಿ ಗೊತ್ತಾಗುತ್ತದೆ.

ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಪ್ರತ್ಯೇಕ ಸೆನ್ಸರ್ ಕನ್ನಡಿಯ ಕೆಳಗಿರುತ್ತದೆ. ಅದಕ್ಕೂ ಚಿತ್ರ ಹಿಡಿಯುವ ಸೆನ್ಸರ್‌ಗೂ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಫೋಕಸ್ ಹಿಂದೆಮುಂದಾಗುತ್ತದೆ. ಮಿರರ್‌ಲೆಸ್ ಚಿತ್ರದ ಸೆನ್ಸರ್‌ನಲ್ಲೇ ಫೋಕಸ್ ಅಳೆಯುವುದರಿಂದ ಈ ತೊಡಕಿಲ್ಲ. ಇತ್ತೀಚಿನ ಮಾದರಿಗಳು ಮನುಷ್ಯರ, ಪ್ರಾಣಿಪಕ್ಷಿಗಳ ಕಣ್ಣನ್ನು ಗುರುತಿಸಿ ಹಿಂಬಾಲಿಸುತ್ತವೆ. ಎಲೆಕ್ಟ್ರಾನಿಕ್ ಶಟರ್‌ನಿಂದ ಸದ್ದಿಲ್ಲದೆ ಚಿತ್ರ ತೆಗೆಯಲೂ ಸಾಧ್ಯ. ಆದರೆ ಸೆನ್ಸರ್ ಸಾಲುಸಾಲಾಗಿ ಓದಿಕೊಳ್ಳುವ ಮಾದರಿಗಳಲ್ಲಿ ವೇಗವಾಗಿ ಚಲಿಸುವ ವಸ್ತುಗಳು ಓರೆಯಾಗಿ ಕಾಣಬಹುದು. ಕೆಲವು ಎಲ್‌ಇಡಿ ದೀಪಗಳಡಿ ಪಟ್ಟೆಗಳು ಮೂಡಬಹುದು.

ಒಂದು ಹೋಲಿಕೆ

ನಿಕಾನ್‌ನ ಡಿಎಸ್‌ಎಲ್‌ಆರ್ ಡಿ850 (2017) ಮತ್ತು ಮಿರರ್‌ಲೆಸ್ ಝಡ್ 7 (2018) ಎರಡರ ಸೆನ್ಸರ್ ಕೂಡ 45.7 ಮೆಗಾಪಿಕ್ಸೆಲ್‌ನದು. ಬ್ಯಾಟರಿ, ಕಾರ್ಡ್ ಸೇರಿ ಮೊದಲನೆಯದು 1005 ಗ್ರಾಂ, ಎರಡನೆಯದು 675 ಗ್ರಾಂ ತೂಗುತ್ತದೆ. ಫೋಕಸ್ ಬಿಂದುಗಳು ಕ್ರಮವಾಗಿ 153 ಮತ್ತು 493. ಕೈನಡುಕವನ್ನು ಸರಿದೂಗಿಸಲು ಸೆನ್ಸರನ್ನೇ ಅಲುಗಿಸುವ ಏರ್ಪಾಡು ಝಡ್ 7ರಲ್ಲಿ ಮಾತ್ರ ಇದೆ. ಆದರೆ ನಿಗದಿತ ಪರೀಕ್ಷಾಕ್ರಮದಂತೆ ಒಂದು ಬ್ಯಾಟರಿಗೆ ಡಿ850 1840 ಚಿತ್ರ ಕೊಟ್ಟರೆ ಝಡ್ 7 ಕೊಡುವುದು 330. ಬಳಕೆಯಲ್ಲಿ ಎರಡೂ ಇದಕ್ಕಿಂತ ಹೆಚ್ಚು ಕೊಡಬಹುದು. ಡಿ850ರಲ್ಲಿ ಎರಡು ಕಾರ್ಡ್‌ಗಳಿಗೆ ಜಾಗವಿದೆ, ಝಡ್ 7ರಲ್ಲಿ ಒಂದಕ್ಕೆ ಮಾತ್ರ. ಮದುವೆಯಂಥ ಮರುಕಳಿಸದ ಸಂದರ್ಭಗಳನ್ನು ಚಿತ್ರಿಸುವವರಿಗೆ ಇದು ಸಣ್ಣ ಕೊರತೆಯಲ್ಲ. ಝಡ್ 7 II ಮಾದರಿಯಲ್ಲಿ ಈ ಕೊರತೆಯನ್ನು ನಿಕಾನ್ ಸರಿಪಡಿಸಿತು.

ಲೆನ್ಸ್ ಹೊಂದಾಣಿಕೆ

ಡಿಎಸ್‌ಎಲ್‌ಆರ್ ಲೆನ್ಸ್‌ಗಳನ್ನು ಅಡಾಪ್ಟರ್ ಮೂಲಕ ಮಿರರ್‌ಲೆಸ್‌ಗೆ ಜೋಡಿಸಬಹುದು; ಮಿರರ್‌ಲೆಸ್ ಲೆನ್ಸ್‌ಗಳು ಡಿಎಸ್‌ಎಲ್‌ಆರ್‌ನಲ್ಲಿ ಕೆಲಸಕ್ಕೆ ಬಾರವು. ಕ್ಯಾನನ್ ಇಎಫ್ ಲೆನ್ಸ್‌ಗಳ ಒಳಗೇ ಮೋಟಾರ್ ಇರುವುದರಿಂದ ಅಡಾಪ್ಟರ್‌ನಲ್ಲೂ ಅವುಗಳ ಆಟೋಫೋಕಸ್ ನಡೆಯುತ್ತದೆ. ಕ್ಯಾಮೆರಾದ ಮೋಟಾರನ್ನೇ ನೆಚ್ಚಿದ ನಿಕಾನ್‌ನ ಹಳೆಯ ಎಎಫ್‌-ಡಿ ಲೆನ್ಸ್‌ಗಳನ್ನು ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು.

ಆಯ್ಕೆ

ವಿಡಿಯೊ, ಹಾರುವ ಹಕ್ಕಿ, ಸದ್ದು ಮಾಡಬಾರದ ಸಭೆ, ಹಗುರವಾದ ಪ್ರಯಾಣ ಇವುಗಳಿಗೆ ಮಿರರ್‌ಲೆಸ್ ಹೊಂದುತ್ತದೆ. ಬ್ಯಾಟರಿ ಬದಲಿಸದೆ ದಿನವಿಡೀ ಚಿತ್ರ ತೆಗೆಯುವವರಿಗೆ, ಒಳ್ಳೆಯ ಲೆನ್ಸ್‌ಗಳನ್ನು ಈಗಾಗಲೇ ಹೊಂದಿರುವವರಿಗೆ, ಸೆಕೆಂಡ್ ಹ್ಯಾಂಡ್ ಕೊಂಡು ಕಲಿಯುವವರಿಗೆ ಡಿಎಸ್‌ಎಲ್‌ಆರ್ ಇಂದಿಗೂ ಸಾಕು. ಆದರೆ ನಿಕಾನ್, ಕ್ಯಾನನ್ ಹೊಸ ಲೆನ್ಸ್‌ಗಳನ್ನು ಮಿರರ್‌ಲೆಸ್ ಮೌಂಟ್‌ಗಳಿಗಾಗಿಯೇ ರೂಪಿಸುತ್ತಿವೆ. ಹೊಸದಾಗಿ ಆರಂಭಿಸಿ ವರ್ಷಗಟ್ಟಲೆ ಒಂದೊಂದೇ ಲೆನ್ಸ್ ಸೇರಿಸಿಕೊಳ್ಳಬೇಕೆಂದಿರುವವರು ಕ್ಯಾಮೆರಾಕ್ಕಿಂತ ಮೊದಲು ಮೌಂಟನ್ನು ಆರಿಸಿಕೊಳ್ಳುವುದು ಲೇಸು.